ಗೂಡು ಹಿಡಿದು ಎಳೆ ಅಳೆಯುವವರು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಮುಂಚೆ ನೂಲು ಬಿಚ್ಚುವ ರೀಲರುಗಳು ಒಂದು ಹಿಡಿ ಗೂಡು ಎತ್ತಿಕೊಂಡು ಹಿಚುಕುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಗಟ್ಟಿತನ, ಬಿಳುಪು, ಒಳಗಿನ ಹುಳುವಿನ ಸ್ಥಿತಿ ಅಲ್ಲೇ ತಿಳಿದುಬಿಡುತ್ತದೆ. ಎಳೆ ಎಷ್ಟುದ್ದ ಬಿಚ್ಚಿಕೊಂಡೀತು, ಎಲ್ಲಿ ಕಡಿದೀತು ಎಂಬುದು ಮಾತ್ರ ಬಿಸಿನೀರಿಗೆ ಹಾಕಿದ ಮೇಲಿನ ಮಾತು. ಜಪಾನಿನ ಅನಿಮೇಷನ್ ಸರಣಿಗಳ, ಅಂದರೆ ಅನಿಮೆಯ, ಹೊಸ ಋತು ಶುರುವಾದಾಗಲೆಲ್ಲ ನನಗೆ ಆ ಹಿಡಿಗೂಡು ನೆನಪಾಗುತ್ತದೆ.

ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್: ಅಲ್ಲಿ ವರ್ಷಕ್ಕೆ ನಾಲ್ಕು ಬೆಳೆ. ಪ್ರತಿ ಬೆಳೆಗೂ ಹತ್ತಾರು ಹೊಸ ಸರಣಿ, ಸಾಮಾನ್ಯವಾಗಿ ಒಂದೊಂದಕ್ಕೆ 12 ಅಥವಾ 13 ಕಂತು. ಮೊದಲ ಕಂತು ಬಂದ ರಾತ್ರಿಯೇ ತೀರ್ಪು ಹೊರಬೀಳುತ್ತದೆ. ಲಾರಿಗೆ ಸಿಕ್ಕಿ ಸತ್ತ ಹುಡುಗ ಮಾಯಾಲೋಕದಲ್ಲಿ ಮರುಹುಟ್ಟು ಪಡೆಯುವ ಕಥೆ ಎಷ್ಟು ಸಲ ಬಂದಿದೆಯೆಂದರೆ, ಅಂಥವನ್ನು ಹಿಡಿಯಲ್ಲೇ ಅಳೆದು ಪಕ್ಕಕ್ಕಿಡುವುದು ತಪ್ಪೇನಲ್ಲ. ಆದರೆ ಈ ಪರಂಪರೆಯಲ್ಲಿ ಉಳಿದುಕೊಂಡ ಎಷ್ಟೋ ಕೃತಿಗಳು ಹಿಡಿಗೆ ಸಿಕ್ಕವಲ್ಲ. 1974ರ ‘ಸ್ಪೇಸ್ ಬ್ಯಾಟಲ್‌ಶಿಪ್ ಯಮಾಟೊ’ ನೋಡುಗರಿಲ್ಲದೆ 26 ಕಂತಿಗೆ ಮೊಟಕಾಯಿತು. ಮೂರು ವರ್ಷದ ನಂತರ ಸಿನಿಮಾ ಆಗಿ ಬಂದಾಗ ಜನ ಮುಗಿಬಿದ್ದರು. 1979ರ ‘ಮೊಬೈಲ್ ಸೂಟ್ ಗಂಡಮ್’ 52 ಕಂತು ಎಂದುಕೊಂಡದ್ದು 43ಕ್ಕೆ ನಿಂತಿತು. ಅದರ ವಂಶ ಇಂದಿಗೂ ಬೆಳೆಯುತ್ತಲೇ ಇದೆ.

ಇನ್ನೂ ಹಿಂದಕ್ಕೆ ಹೋದರೆ ಈ ಕಲೆಯ ಗುಟ್ಟು ಸಿಗುತ್ತದೆ. 1963ರ ಜನವರಿ 1ರಂದು ಚಿತ್ರಗಾರ ಒಸಾಮು ತೆಜುಕಾ ‘ಆಸ್ಟ್ರೋ ಬಾಯ್’ ಟಿ.ವಿ. ಸರಣಿ ಆರಂಭಿಸಿದಾಗ ಕೈಯಲ್ಲಿ ಹಣವೂ ಇರಲಿಲ್ಲ, ಸಮಯವೂ ಇರಲಿಲ್ಲ. ವಾರಕ್ಕೊಂದು ಕಂತು ಕೊಡಬೇಕು. ಸೆಕೆಂಡಿಗೆ 24 ಚೌಕಟ್ಟು ತುಂಬಬೇಕಾದಲ್ಲಿ ಒಂದೇ ಚಿತ್ರವನ್ನು ಮೂರು ಚೌಕಟ್ಟಿಗೆ ಹಿಡಿದು ನಿಲ್ಲಿಸಿದರು. ಮುಖ ಅಲುಗಾಡದೆ ಬಾಯಿ ಮಾತ್ರ ಆಡಿತು, ಬರೆದ ಚಿತ್ರಗಳೇ ಮತ್ತೆ ಮತ್ತೆ ಬಂದವು. ಬಡತನದಿಂದ ಹುಟ್ಟಿದ ಈ ನಿಶ್ಚಲತೆ ಬರಬರುತ್ತಾ ಒಂದು ಭಾಷೆಯೇ ಆಯಿತು. ನಮ್ಮ ತೊಗಲುಗೊಂಬೆಯೂ ಹಾಗೆಯೇ ಅಲ್ಲವೇ? ಪರದೆಯ ಮೇಲೆ ಗೊಂಬೆಯ ಒಂದು ಕೈ ಆಡಿದರೆ ಮಿಕ್ಕಿದ್ದನ್ನೆಲ್ಲ ಹಾಡುವವನ ದನಿ ತುಂಬುತ್ತದೆ. ಚಿತ್ರ ಎಷ್ಟು ಕಡಿಮೆ ಅಲುಗಾಡುತ್ತದೋ ದನಿಯ ಮೇಲೆ ಅಷ್ಟು ಭಾರ ಬೀಳುತ್ತದೆ.

ಅದಕ್ಕೇ ದನಿ ಯಾವ ಭಾಷೆಯದು ಎಂಬುದು ಚಿಕ್ಕ ಪ್ರಶ್ನೆಯಲ್ಲ. ತೊಂಬತ್ತರ ದಶಕದ ಭಾನುವಾರಗಳಲ್ಲಿ ದೂರದರ್ಶನದ ‘ಜಂಗಲ್ ಬುಕ್’ ಸರಣಿಯ ಮೋಗ್ಲಿ ಹಿಂದಿಯಲ್ಲಿ ಬಂದ. ಅವನು 1989ರಲ್ಲಿ ಜಪಾನಿನಲ್ಲಿ ತಯಾರಾದವನೆಂದು ನಮಗೆ ತಿಳಿಯಲು ಎಷ್ಟೋ ವರ್ಷ ಬೇಕಾಯಿತು. ಯೂಗೊ ಸಾಕೊ ಮತ್ತು ರಾಮ್ ಮೋಹನ್ ಕೂಡಿ ಮಾಡಿದ ಅನಿಮೆ ಸಿನಿಮಾ ‘ರಾಮಾಯಣ’ 2025ರ ಜನವರಿಯಲ್ಲಿ ಮರುಬಿಡುಗಡೆಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಇಲ್ಲಿಗೆ ಬಂತು. ಎರಡಕ್ಕೂ ಹಿಂದಿ, ತಮಿಳು, ತೆಲುಗು ದನಿ ಇತ್ತು. ಕನ್ನಡ ಇರಲಿಲ್ಲ.

ನಮ್ಮ ಚಿಂತಾಮಣಿ, ಗೌರಿಬಿದನೂರು ಕಡೆ ಕನ್ನಡ ದನಿಯ ಈ ಕೊರತೆ ವಿಚಿತ್ರ ರೂಪ ತಾಳುತ್ತದೆ. ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ತೆಲುಗು, ಶಾಲೆಯಲ್ಲಿ ಕನ್ನಡ. ತೆಲುಗು ದನಿ ಇಲ್ಲಿಯ ಮಗುವಿಗೆ ಪರಕೀಯವಲ್ಲ. ಸಂತಕವಿ ಕೈವಾರದ ತಾತಯ್ಯನವರು ಎರಡೂ ಭಾಷೆಯಲ್ಲಿ ಹಾಡಿದ ನೆಲ ಇದು. ನನ್ನ ತಕರಾರು ತೆಲುಗಿನ ಮೇಲಲ್ಲ. ಎರಡು ನಾಲಿಗೆಯ ಮಗುವಿಗೆ ಅದ್ಭುತವೆಲ್ಲ ಒಂದರಲ್ಲೇ ಸಿಕ್ಕಿ, ಇನ್ನೊಂದು ಬರೀ ಪಾಠ, ಪರೀಕ್ಷೆ, ಅರ್ಜಿಯ ಭಾಷೆಯಾಗಿ ಉಳಿದರೆ ಆ ನಾಲಿಗೆ ಒಣಗುತ್ತದೆ. ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಕೂಡದೆಂಬ ನಿರ್ಬಂಧಕ್ಕೆ ಕನ್ನಡ ಚಿತ್ರರಂಗ ಎಳೆಯದಾಗಿದ್ದ ಕಾಲದಲ್ಲಿ ಅರ್ಥವಿತ್ತು, ಅದನ್ನು ಗೌರವಿಸುತ್ತೇನೆ. ಆದರೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ನಿರ್ಬಂಧವನ್ನು ಅಕ್ರಮವೆಂದ ಮೇಲೂ ಅನಿಮೆಗೆ ಕನ್ನಡದ ದಾರಿ ಅಗಲವಾಗಿ ತೆರೆದಿಲ್ಲ. ಹೊರಗಿನದು ನಮ್ಮದಾಗುವ ಬಗೆ ರೇಷ್ಮೆಯಲ್ಲೇ ಇದೆ: 1990ರ ದಶಕದಲ್ಲಿ ಜಪಾನಿನ ತಜ್ಞರ ನೆರವಿನಿಂದ ಕರ್ನಾಟಕದಲ್ಲಿ ದ್ವಿತಳಿ ರೇಷ್ಮೆ ಬೇರೂರಿತು. ತಿಳಿವಳಿಕೆ ಅಲ್ಲಿಂದ ಬಂದರೂ ಹುಳು ಮೇಯ್ದದ್ದು ನಮ್ಮ ಹೊಲದ ಸೊಪ್ಪನ್ನೇ.

ಕನ್ನಡದಲ್ಲಿ ಮೊದಲು ಕೇಳಬೇಕೆಂದು ನಾನು ಆಸೆಪಡುವ ಅನಿಮೆ ‘ಫ್ರೀರೆನ್’. 2023ರ ಸೆಪ್ಟೆಂಬರ್ 29ರಂದು ಇದರ ಮೊದಲ ನಾಲ್ಕು ಕಂತುಗಳನ್ನು ಒಂದೇ ರಾತ್ರಿ ಒಟ್ಟಿಗೆ ತೋರಿಸಿದರು. ಒಂದು ಹಿಡಿಯಲ್ಲಿ ಈ ಗೂಡಿನ ತೂಕ ಸಿಗದೆಂದು ಮಾಡಿದವರಿಗೇ ಅನಿಸಿರಬೇಕು. ರಾಕ್ಷಸರಾಜ ಸತ್ತ ಮೇಲೆ ಕಥೆ ಶುರುವಾಗುತ್ತದೆ. ಸಾವಿರ ವರ್ಷಕ್ಕೂ ಹೆಚ್ಚು ಬದುಕಿದ ಮಾಂತ್ರಿಕೆ ಫ್ರೀರೆನ್‌ಗೆ, ಅವನನ್ನು ಕೊಂದ ತಂಡದ ವೀರ ಹಿಮ್ಮೆಲ್‌ನ ಜೊತೆ ನಡೆದ ಹತ್ತು ವರ್ಷ ಒಂದು ಮಧ್ಯಾಹ್ನದಷ್ಟು. ಐವತ್ತು ವರ್ಷ ಬಿಟ್ಟು ಬಂದರೆ ಅವನು ಮುದುಕ; ಸ್ವಲ್ಪ ದಿನಕ್ಕೆ ತೀರಿಕೊಳ್ಳುತ್ತಾನೆ. ಮಣ್ಣು ಮಾಡುವಾಗ ಅವಳು ಮೊದಲ ಸಲ ಅಳುತ್ತಾಳೆ. ಚಿತ್ರ ಹೆಚ್ಚುಕಡಿಮೆ ನಿಂತೇ ಇದೆ. ಅಲ್ಲಿ ದನಿ ಕೊಡುವವರು ಎತ್ತಿ ಆಡಬೇಕಾದ ಸಂಭಾಷಣೆ ಬಹಳವಿಲ್ಲ. ಮಾತಿನ ನಡುವೆ ಸಿಕ್ಕಿಕೊಳ್ಳುವ ಒಂದು ಉಸಿರು ಇದೆ, ಅಷ್ಟೆ.