ಕೊಂಡಿಗಳಲ್ಲಿ ಕಟ್ಟಿದ ಕ್ವಿಜ್
ಬೆಂಗಳೂರಿನ ದೂರದರ್ಶನ ಕೇಂದ್ರದಿಂದ 2002ರಲ್ಲಿ ಶುರುವಾದ ‘ಥಟ್ ಅಂತ ಹೇಳಿ’ ಕ್ವಿಜ್ ಕಾರ್ಯಕ್ರಮದಲ್ಲಿ ನಿರೂಪಕ ನಾ. ಸೋಮೇಶ್ವರರು ಸರಿ-ತಪ್ಪು ಹೇಳಿ ಸುಮ್ಮನಾಗುವುದಿಲ್ಲ, ಹಿನ್ನೆಲೆಯನ್ನೂ ವಿವರಿಸುತ್ತಾರೆ. ಪವರ್‌ಪಾಯಿಂಟ್ ಕ್ವಿಜ್‌ನ ಸೊಗಸೂ ಅಲ್ಲೇ ಇದೆ. ಪ್ರತಿ ಆಯ್ಕೆಗೂ ಹೈಪರ್‌ಲಿಂಕ್ ಕೊಟ್ಟರೆ ತಪ್ಪು ಉತ್ತರವೂ ತನ್ನದೇ ಸ್ಲೈಡಿಗೆ ಹೋಗಿ, ಯಾಕೆ ತಪ್ಪೆಂದು ತಿಳಿಸಬಲ್ಲದು. ಮಗು ಎಲ್ಲಿ ಎಡವುತ್ತದೆಂದು ಶಿಕ್ಷಕರು ಮೊದಲೇ ಊಹಿಸಬೇಕು; ಕಸುಬಿರುವುದು ಆ ಊಹೆಯಲ್ಲಿ, ಮಿನುಗುವ ಅನಿಮೇಷನ್‌ನಲ್ಲಲ್ಲ. ಕಹೂಟ್‌ನಂಥ ಸಿದ್ಧ ಆನ್‌ಲೈನ್ ಕ್ವಿಜ್ ಆಟಗಳಿರುವಾಗ ಈ ಪಾಡೇಕೆ ಎನ್ನಬಹುದು. ಅವು ಅಂಕವನ್ನು ತಾವೇ ಎಣಿಸುತ್ತವೆ, ನಿಜ. ಮ್ಯಾಕ್ರೊ ಎಂಬ ಪುಟ್ಟ ಪ್ರೋಗ್ರಾಂ ಬರೆಯದೆ ಪವರ್‌ಪಾಯಿಂಟ್ ಎಣಿಸದು. ಆದರೆ ಆ ಸಿದ್ಧ ಆಟಗಳಿಗೆ ಸಾಮಾನ್ಯವಾಗಿ ಇಂಟರ್ನೆಟ್ ಬೇಕು, ಮಕ್ಕಳ ಕೈಗೆ ಮೊಬೈಲೂ ಬೇಕು. ಪವರ್‌ಪಾಯಿಂಟ್ ಕ್ವಿಜ್‌ಗೆ ಯಾವ ಶಾಲೆಯಲ್ಲಾದರೂ ಕಂಪ್ಯೂಟರ್, ಪ್ರೊಜೆಕ್ಟರ್ ಒಂದೊಂದಿದ್ದರೆ ಸಾಕು. ಅಂಕ ಬರೆಯಲು ಕಪ್ಪುಹಲಗೆ ಇದ್ದೇ ಇದೆ. ಕ್ವಿಜ್ ಕಟ್ಟುವವರು ಸ್ಲೈಡ್ ಪ್ರದರ್ಶನಕ್ಕೆ ‘ಕಿಯೋಸ್ಕ್’ ವಿಧಾನ ಆರಿಸಲು ಮಾತ್ರ ಮರೆಯಬಾರದು. ಇಲ್ಲದಿದ್ದರೆ ಖಾಲಿ ಜಾಗ ಒತ್ತಿದರೂ ಮುಂದಿನ ಸ್ಲೈಡ್ ಬಂದು ಉತ್ತರ ಬಯಲಾಗುತ್ತದೆ.