ಅಪ್ಪ ಉಳಿಸಿದ ಏಳು ಎಕರೆ, ಮಗನಿಗೆ ಸಿಕ್ಕ ಊರು

ಸಿಯಾಟಲ್‌ಗೆ ಹೋದ ನಮ್ಮ ಐಟಿ ಮಂದಿ ಮೊದಲ ವಾರವೇ ಪೈಕ್ ಪ್ಲೇಸ್ ಮಾರ್ಕೆಟ್ಟಿನ ಮುಂದೆ ನಿಂತು ಫೋಟೊ ಹಾಕ್ತಾರೆ. 1907ರ ಈ ಮಾರ್ಕೆಟ್ಟು ಇವತ್ತೂ ಇದೆ ಅಂದ್ರೆ ಅದಕ್ಕೆ ಅಲ್ಲಿನ ಸಿಟಿ ಕೌನ್ಸಿಲ್ ಕಾರಣ ಅಲ್ಲ. ಅವರು ಅದನ್ನ ಕೆಡವಿ ಹೋಟೆಲು, ಆಫೀಸು, ಪಾರ್ಕಿಂಗ್ ಕಟ್ಟೋ ಯೋಜನೆಯ ಕಡೆಗಿದ್ದರು. ಅಡ್ಡ ನಿಂತವರು ವಿಕ್ಟರ್ ಸ್ಟೈನ್‌ಬ್ರೂಕ್. ಆರ್ಕಿಟೆಕ್ಟು, ಮೇಷ್ಟ್ರು, ಸ್ಪೇಸ್ ನೀಡಲ್ ವಿನ್ಯಾಸದಲ್ಲೂ ಅವರ ಕೈ ಇತ್ತು. 1971ರ ನವೆಂಬರ್‌ನಲ್ಲಿ ಜನರೇ ಓಟು ಹಾಕಿ ಏಳು ಎಕರೆಯನ್ನು ಐತಿಹಾಸಿಕ ಪ್ರದೇಶ ಮಾಡಿದರು.

ನಾನು ಬರೆಯಬೇಕು ಅಂದುಕೊಂಡಿದ್ದು ಅವರ ಮಗ ಪೀಟರ್ ಬಗ್ಗೆ. ಅವರೂ ಆರ್ಕಿಟೆಕ್ಟ್. 1997ರಲ್ಲಿ ಗೆದ್ದು ಹತ್ತು ವರ್ಷ ಅದೇ ಕೌನ್ಸಿಲ್‌ನಲ್ಲಿ ಕೂತರು. ಆಗ ಅಲ್ಲಿ ನಮ್ಮ ಹಾಗೆ ವಾರ್ಡ್ ಇರಲಿಲ್ಲ, ಒಂಬತ್ತು ಸದಸ್ಯರನ್ನೂ ಇಡೀ ಊರೇ ಆರಿಸ್ತಿತ್ತು.

ಅಪ್ಪನ ಕಾನೂನಿನ ಜಾಣತನ ನೋಡಿ. ಅದು ಗೋಡೆ, ಬಣ್ಣ, ಬೋರ್ಡನ್ನಷ್ಟೇ ಕಾಯಲ್ಲ. ತರಕಾರಿ ಅಂಗಡಿ ಹೋಗಿ ಬೇರೇನೋ ಬರಬೇಕಂದ್ರೂ ಆಯೋಗದ ಒಪ್ಪಿಗೆ ಬೇಕು. ದಿನದ ಲೆಕ್ಕದಲ್ಲಿ ಕೊಡೋ ರೈತರ ಕಟ್ಟೆಗಳಲ್ಲಿ ಬೆಳೆದವರೇ ನಿಂತು ಮಾರಬೇಕು, ದಲ್ಲಾಳಿ ಬರೋ ಹಾಗಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಸ್ಕ್ರೀನ್ ಮಾತ್ರ ಉಳಿಸಿ ಹಿಂದಿನ ಕೋಡೆಲ್ಲ ಬದಲಾಯಿಸೋ ಆಟ ಅಲ್ಲಿ ನಡೆಯಲ್ಲ. ಸಂತೆ ಕಂಡು ಬೆಳೆದ ನನ್ನಂಥವನಿಗೆ ಇದು ಸಣ್ಣ ವಿಷಯ ಅಲ್ಲ.

ಇಂಥ ಮನೆಯಿಂದ ಬಂದ ಮಗ 2006ರಲ್ಲಿ ಡೌನ್‌ಟೌನ್ ಕಟ್ಟಡಗಳ ಎತ್ತರದ ಮಿತಿ ಸಡಿಲಿಸಿದ. 1989ರಲ್ಲಿ ಜನ ಓಟು ಹಾಕಿ ತಂದಿದ್ದ ಮಿತಿ ಅದು! ಇದನ್ನ ದ್ರೋಹ ಅನ್ನೋದು ಸುಲಭ. ನಾನು ಹಾಗನ್ನಲ್ಲ. ಮೇಯರ್ ನಿಕಲ್ಸ್ ಸೂಚಿಸಿದ್ದಕ್ಕಿಂತ ಜಾಸ್ತಿ ದುಡ್ಡನ್ನು ಬಿಲ್ಡರ್‌ಗಳು ಬಡವರ ಮನೆಗೆ ಕೊಡಬೇಕು ಅಂತ ಆ ಕೌನ್ಸಿಲ್ ಪಟ್ಟು ಹಿಡೀತು. ಮೇಲಿನ ಆಕಾಶ ಊರಿನ ಸೊತ್ತು, ಬೇಕಾದ್ರೆ ಬೆಲೆ ಕೊಟ್ಟು ತಗೊಳ್ಳಿ ಅನ್ನೋ ಲೆಕ್ಕ. ಚೆನ್ನಾಗಿದೆ.

ನನ್ನ ತಕರಾರು ಇರೋದು ಡೌನ್‌ಟೌನಿನ ಆಚೆ. ಸಿಯಾಟಲ್‌ನ ವಸತಿ ಜಾಗದಲ್ಲಿ ಬಹುಪಾಲು ಒಂದು ಸೈಟಿಗೆ ಒಂದೇ ಮನೆ ಅನ್ನೋ ನಿಯಮದಲ್ಲಿತ್ತು. ಆ ಹತ್ತು ವರ್ಷ ಕೌನ್ಸಿಲ್ ಅದಕ್ಕೆ ಸರಿಯಾಗಿ ಕೈ ಹಾಕಲೇ ಇಲ್ಲ. ಹಿತ್ತಲು, ಹುಲ್ಲುಹಾಸು, ಹಳೇ ಬೀದಿಯ ಚೆಂದ, ಎಲ್ಲಾ ಉಳೀತು. ಆಮೇಲೆ ಅಮೆಜಾನ್ ಬೆಳೆದು ದೊಡ್ಡ ಸಂಬಳದ ಎಂಜಿನಿಯರ್‌ಗಳು ಬಂದಿಳಿದಾಗ (ನಮ್ಮೋರೂ ಕಮ್ಮಿ ಇಲ್ಲ ಅದರಲ್ಲಿ) ಬಾಡಿಗೆ ಏರಿತು, ಹೊರಗೆ ಹೋದವರು ಸಣ್ಣ ಸಂಬಳದವರು. ಅಪ್ಪನ ಕಾನೂನು ಯಾರು ಇಲ್ಲಿ ಬದುಕ್ತಾರೆ ಅಂತ ಕೇಳಿತ್ತು. ಮಗನ ಕಾಲದಲ್ಲಿ ಆ ಪ್ರಶ್ನೆಯನ್ನ ಬಿಲ್ಡರ್‌ಗೆ ಮಾತ್ರ ಕೇಳಿದರು, ಮನೆ ಮಾಲೀಕರಿಗೆ ಕೇಳಲಿಲ್ಲ. ಓಟು ಇದ್ದಿದ್ದು ಅವರ ಹತ್ರ ತಾನೆ.

2013ರಲ್ಲಿ ಪೀಟರ್ ಮೇಯರ್ ಆಗೋಕೆ ನಿಂತು ಮೊದಲ ಸುತ್ತಲ್ಲೇ ಸೋತರು. ಆಮೇಲೆ ಬಂದರಿನ ಕಮಿಷನರ್ ಆದರು, 2021ರಲ್ಲಿ ಅದೂ ಹೋಯ್ತು.

ಆದ್ರೆ ಮಾದರಿ ಕಣ್ಣೆದುರೇ ಇತ್ತು. ಮಾರ್ಕೆಟ್ ನಡೆಸೋ ಸಾರ್ವಜನಿಕ ಸಂಸ್ಥೆ ಅಲ್ಲೇ ಕಡಿಮೆ ಆದಾಯದವರಿಗೆ ಬಾಡಿಗೆ ಮನೆಗಳನ್ನ ಕೊಡುತ್ತೆ. ಕ್ಲಿನಿಕ್ಕು, ವಯಸ್ಸಾದವರ ಕೇಂದ್ರ, ಮಕ್ಕಳ ಶಾಲೆ ಎಲ್ಲಾ ಆ ಏಳು ಎಕರೆಯಲ್ಲೇ ಇವೆ. ಸಣ್ಣ ಪೆನ್ಷನ್ನಿನ ಅಜ್ಜಿಯೊಬ್ಬಳು ಮೆಟ್ಟಿಲಿಳಿದು ಬಂದು ಸೊಪ್ಪು ತಗೊಂಡು ಹೋಗಬಹುದು. ಎಂಟನೇ ಎಕರೆಯಲ್ಲಿ ಅವಳಿಗೆ ಮನೆ ಸಿಗೋದು ಕಷ್ಟ.