ಬೇರು ಮತ್ತು ನೆಲ: ಅಮೆರಿಕದ ವಲಸೆಯ ಚರಿತ್ರೆಯಲ್ಲಿ ಎರಡು ರೂಪಕಗಳು

ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ವಲಸೆ ಬಂದವರ ಚರಿತ್ರೆಯನ್ನು ಕುರಿತ ಗ್ರಂಥಗಳಲ್ಲಿ ಆಸ್ಕರ್ ಹ್ಯಾಂಡ್ಲಿನ್‌ರವರ ‘ದಿ ಅಪ್‌ರೂಟೆಡ್’ (1951) ಪ್ರಸಿದ್ಧವಾದುದು. 1952ರಲ್ಲಿ ಅದಕ್ಕೆ ಪುಲಿಟ್ಜರ್ ಪಾರಿತೋಷಕವು ದೊರೆಯಿತು. ಹಳ್ಳಿಯನ್ನು ತೊರೆದ ಯೂರೋಪಿನ ರೈತನು ಬೇರು ಕಿತ್ತ ಗಿಡದಂತಾದನೆಂಬುದು ಅದರ ಪ್ರತಿಪಾದನೆ; ಕರುಣವೇ ಅದರ ಪ್ರಧಾನರಸ.

ಈ ಚಿತ್ರವು ವಾಸ್ತವಕ್ಕೆ ಹೊಂದದೆಂದು 1964ರಲ್ಲಿ ರುಡಾಲ್ಫ್ ವೆಕೋಲಿಯವರು ಆಕ್ಷೇಪಿಸಿದರು. ಷಿಕಾಗೋ ನಗರದಲ್ಲಿ ನೆಲಸಿದ ದಕ್ಷಿಣ ಇಟಲಿಯ ರೈತರು ಕುಟುಂಬಬಂಧವನ್ನೂ ತಮ್ಮೂರ ಸಂತರ ಉತ್ಸವಗಳನ್ನೂ ಉಳಿಸಿಕೊಂಡಿದ್ದರೆಂದು ಅವರು ತೋರಿಸಿದರು. 1985ರಲ್ಲಿ ಜಾನ್ ಬಾಡ್ನರ್‌ರವರು ತಮ್ಮ ಗ್ರಂಥಕ್ಕೆ ‘ದಿ ಟ್ರಾನ್ಸ್‌ಪ್ಲಾಂಟೆಡ್’, ಎಂದರೆ ನಾಟಿಯಾದವರು, ಎಂದೇ ಹೆಸರಿಟ್ಟರು.

ಬತ್ತದ ಬೇಸಾಯವನ್ನು ಬಲ್ಲವರಿಗೆ ಇವೆರಡರಲ್ಲಿ ವಿರೋಧವು ಕಾಣದು. ಅಗೆಯನ್ನು ಕೀಳದೆ ನಾಟಿಯಿಲ್ಲ. ಆದರೆ ಎರಡು ರೂಪಕಗಳೂ ಸಸಿಯನ್ನು ನೋಡುವುವೇ ಹೊರತು ಗದ್ದೆಯನ್ನೂ ಅದರ ಬೇಲಿಯನ್ನೂ ನೋಡವು. 1882ರ ಶಾಸನವು ಚೀನೀ ಕೂಲಿಗಾರರನ್ನು ತಡೆಯಿತು. 1924ರ ಶಾಸನವು ರಾಷ್ಟ್ರಮೂಲವನ್ನೆಣಿಸಿ ದಕ್ಷಿಣ ಮತ್ತು ಪೂರ್ವ ಯೂರೋಪಿನವರ ಪ್ರವೇಶವನ್ನು ಕುಗ್ಗಿಸಿತು. ಏಷ್ಯದವರನ್ನು ಬಹುಮಟ್ಟಿಗೆ ಹೊರಗಿಟ್ಟಿತು. ಈ ಎಣಿಕೆಯನ್ನು ರದ್ದುಪಡಿಸಿದುದು 1965ರ ಶಾಸನ. ಅದಕ್ಕಾಗಿ ವಾದಿಸಿದವರಲ್ಲಿ ಹ್ಯಾಂಡ್ಲಿನ್‌ರವರೂ ಒಬ್ಬರೆಂಬುದು ಸ್ಮರಣಾರ್ಹವಾದುದು. ಭಾರತೀಯರು ಆ ದೇಶಕ್ಕೆ ಹೆಚ್ಚಿನ ಸಂಖ್ಯೆಯಲ್ಲಿ ಹೋಗಲು ಸಾಧ್ಯವಾದುದೂ ಆ ಬಳಿಕವೇ.

ಇನ್ನೊಂದು ನ್ಯೂನತೆ ಇದಕ್ಕಿಂತ ಗುರುತರವಾದುದು. ಬೇರು ಕಿತ್ತವರೆಂಬ ಹೆಸರು ಯಾರಿಗೆ ಅಕ್ಷರಶಃ ಸಲ್ಲುವುದೋ, ಗುಲಾಮರಾಗಿ ಬಲಾತ್ಕಾರದಿಂದ ತರಲ್ಪಟ್ಟ ಆ ಆಫ್ರಿಕದವರು ಹ್ಯಾಂಡ್ಲಿನ್‌ರವರ ಗ್ರಂಥದ ನಾಯಕರಲ್ಲ. ವಲಸೆ ಬಂದವನ ಅಂತರಂಗವನ್ನು ತಿಳಿಯಲು ಆ ಗ್ರಂಥವು ಇಂದಿಗೂ ಓದತಕ್ಕದ್ದು. ಒಂದು ರಾಷ್ಟ್ರದ ಸಮಾಜವು ರೂಪುಗೊಂಡ ಬಗೆಯನ್ನು ತಿಳಿಯಲು ಅದೊಂದೇ ಸಾಲದು.